ಎಣ್ಣೆ ಕ್ಯಾಲೆಂಡರಿನ ಪೈಲ್ವಾನ

ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆಯಬೇಕೆಂದು ಬರುವ ಹುಡುಗರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಯಾವ ಲೆನ್ಸು ಕೊಳ್ಳಬೇಕು, ನಿಮ್ಮ ಅತ್ಯುತ್ತಮ ಚಿತ್ರ ಯಾವುದು. ಮೊದಲನೆಯದಕ್ಕೆ ಈಗ ನನ್ನಲ್ಲಿ ಉತ್ತರವಿಲ್ಲ. ನಾನು ಬಲ್ಲ ಲೆನ್ಸುಗಳೆಲ್ಲ ಬೂಷ್ಟು ಹಿಡಿದು ಬೀರು ಸೇರಿವೆ. ಎರಡನೆಯದಕ್ಕೆ ಉತ್ತರವಿದೆ. ಆದರೆ ಆ ಚಿತ್ರದ ಒಂದು ಪ್ರತಿಯನ್ನು ತೆಗೆದು ತೋರಿಸಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದರಲ್ಲಿ ಮನುಷ್ಯನ ಮುಖ ಸರಿಯಾಗಿ ಕಾಣುವುದಿಲ್ಲ, ಕೈ ಎಷ್ಟಿವೆ ಎಂದು ಹೇಳುವುದೂ ಕಷ್ಟ. ನಮ್ಮ ಮಾಲೀಕರು ಅದರ ಬೆನ್ನಿಗೆ ಸ್ಟುಡಿಯೋದ ಮುದ್ರೆ ಒತ್ತಲು ಒಪ್ಪಿರಲಿಲ್ಲ. ಅದು ಹೇಗೆ ಅತ್ಯುತ್ತಮವಾಯಿತು ಎಂದು ಹೇಳಲು ನಾನು ಈ ಕೆಲಸಕ್ಕೆ ಬಂದು ಬಿದ್ದದ್ದನ್ನೂ ಹೇಳಬೇಕಾಗುತ್ತದೆ.

ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ವೀರಭದ್ರಪ್ಪ ಎಂಬುವರ ಸ್ಟುಡಿಯೋ ಇತ್ತು. ನಾನು ಅಲ್ಲಿಗೆ ಡಾರ್ಕ್‌ರೂಮಿನ ಕೆಲಸಕ್ಕೆ ಸೇರಿದೆ. ಸೇರಿದ ಕೆಲವೇ ವಾರಗಳಲ್ಲಿ ಡೆವಲಪರಿನ ಮದ್ದು ನನ್ನ ಕೈಗೆ ಆಗದು ಎಂದು ಗೊತ್ತಾಯಿತು. ಬೆರಳ ಸಂದಿಯೆಲ್ಲ ತುರಿಕೆ, ಗುಳ್ಳೆ. ಡಾಕ್ಟರು ಮುಲಾಮು ಕೊಟ್ಟು ಬೇರೆ ಕೆಲಸ ನೋಡಿಕೋ ಎಂದರು. ಮಾಲೀಕರು ಒಳ್ಳೆಯವರು, ತೆಗೆದುಹಾಕಲಿಲ್ಲ. "ಮಂಜಣ್ಣ, ನಿನ್ನ ಕೈಗೆ ನೆರಳು ಒಗ್ಗಂಗಿಲ್ಲ ಅಂದ್ಮ್ಯಾಲೆ ಬಿಸಿಲಿಗೆ ಹೋಗು" ಎಂದು ಎರಡು ಕಣ್ಣಿನ ಹಳೆಯ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. ಹೊರಗಿನ ಫೋಟೋ ಅವರ ದೃಷ್ಟಿಯಲ್ಲಿ ಫೋಟೋವೇ ಅಲ್ಲ. "ಲೈಟು ನಮ್ಮ ಕೈಯಾಗೈತೆ, ಸೂರ್ಯ ಯಾರ ಕೈಯಾಗದಾನೆ?" ಎಂದು ಆಗಾಗ ಹೇಳುತ್ತಿದ್ದರು. ಹೀಗೆ ಈ ಭಾಗದಲ್ಲಿ ಆಟದ ಮೈದಾನದ ಚಿತ್ರ, ಹೊಲದಲ್ಲಿ ಟ್ರ್ಯಾಕ್ಟರಿನ ಚಿತ್ರ, ಹೊಳೆ ದಂಡೆಯಲ್ಲಿ ಪಂಪ್‌ಸೆಟ್ಟಿನ ಚಿತ್ರ ತೆಗೆಯುವ ಕಸುಬಿಗೆ ನಾನು ಕಾಲಿಟ್ಟದ್ದು ಪ್ರತಿಭೆಯಿಂದಲ್ಲ, ತುರಿಕೆಯಿಂದ.

ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದರ ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ನಿಂತ ಮದುಮಗನಿಗೆ ಇದರಿಂದ ತೊಂದರೆಯಿಲ್ಲ. ಓಡುವ ಕಬಡ್ಡಿ ಆಟಗಾರನಿಗೆ ಇದೆ. ನನ್ನ ಮೊದಲ ಪಂದ್ಯದಲ್ಲಿ ದಾಳಿಗಾರ ಒಂದು ಕಡೆ ಹೋದರೆ ನಾನು ಇನ್ನೊಂದು ಕಡೆ ತಿರುಗಿದೆ. ರೋಲು ತೊಳೆದಾಗ ಬಹುಪಾಲು ಚಿತ್ರಗಳಲ್ಲಿ ಅಂಪೈರರೇ ಇದ್ದರು. ಅವರು ತಮ್ಮ ಚಿತ್ರಗಳನ್ನೆಲ್ಲ ಸಂತೋಷದಿಂದ ಕೊಂಡುಕೊಂಡರು, ಆ ಮಾತು ಬೇರೆ. ಆಮೇಲೆ ನಾನು ಗಾಜನ್ನು ನೋಡುವುದನ್ನೇ ಬಿಟ್ಟು ಆಟಗಾರನ ಕಾಲು ನೋಡುವುದನ್ನು ಕಲಿತೆ. ಮುಖ ಸುಳ್ಳು ಹೇಳುತ್ತದೆ, ಯಾವ ಕಡೆ ಹಾರುತ್ತಾನೆಂದು ಹಿಮ್ಮಡಿ ಮೊದಲೇ ಹೇಳಿಬಿಡುತ್ತದೆ. ಇವತ್ತಿನ ಹುಡುಗರಿಗೂ ಇದೊಂದು ಉಪಯೋಗಕ್ಕೆ ಬರಬಹುದು.

ಸೈಕಲ್ ರೇಸಿಗೆ ಮಾತ್ರ ಬಾಬಾಜಾನ್ ಬೇಕು. ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ. ಅವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನು ಅವನಿಗೆ ಬೆನ್ನು ಕೊಟ್ಟು, ಹಿಂದುಮುಂದಾಗಿ ಕೂತು, ಸೊಂಟಕ್ಕೆ ಟವೆಲು ಬಿಗಿದು ಇಬ್ಬರನ್ನೂ ಕಟ್ಟಿಕೊಳ್ಳುತ್ತಿದ್ದೆ. ಸೈಕಲ್ಲಿನವರ ಮುಂದೆ ಮುಂದೆ ಸ್ಕೂಟರು, ನನ್ನ ಕಣ್ಣು ಅವರ ಮೇಲೆ. ಹರಿಹರದ ಸೇತುವೆಯ ಹತ್ತಿರ ಒಬ್ಬ ಪೊಲೀಸ್ ದಫೇದಾರರು ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಯಾಕ್ರಪ್ಪ, ಇಬ್ರಿಗೂ ಜಗಳ ಆಗೈತೇನು? ಒಬ್ಬ ಅತ್ಲಾಗ, ಒಬ್ಬ ಇತ್ಲಾಗ?" ಬಾಬಾಜಾನ್ ಗಂಭೀರವಾಗಿ, "ಇಲ್ಲ ಸಾಹೇಬ್ರೇ, ಹಿಂದೆ ಯಾರು ಬರ್ತಾರೆ ನೋಡಾಕ ಇವ್ರನ್ನ ಕುಂದ್ರಿಸೀನಿ, ನನ್ನ ಗಾಡಿಗೆ ಕನ್ನಡಿ ಇಲ್ಲ" ಎಂದ. ಕನ್ನಡಿ ಇಲ್ಲದ್ದಕ್ಕೆ ದಂಡ ಬಿತ್ತು.

ಹೊಲದ ಕೆಲಸದಲ್ಲಿ ಇನ್ನೊಂದು ಬಗೆ. ಹೊಸ ಟ್ರ್ಯಾಕ್ಟರಿನ ಜಾಹೀರಾತಿಗೆಂದು ಹರಿಹರ ತಾಲ್ಲೂಕಿನ ಸಾರಥಿ ಗ್ರಾಮಕ್ಕೆ ಹೋಗಿದ್ದೆ. ಪೂಜೆಗೆ ಬಂದ ಅಯ್ನೋರು ಟ್ರ್ಯಾಕ್ಟರಿನ ಮೂತಿಗೆ ವಿಭೂತಿ ಎಳೆದರು, ಚಕ್ರಕ್ಕೆ ಎಳೆದರು, ನಾನು ತಡೆಯುವುದರೊಳಗೆ ನನ್ನ ಲೆನ್ಸಿಗೂ ಮೂರು ಬೆರಳು ಎಳೆದರು. "ಇದೂ ಯಂತ್ರ ಅಲ್ಲೇನಪ್ಪ?" ಎಂದರು. ಒರೆಸಿದಷ್ಟೂ ಹರಡಿತು. ಚಿತ್ರಗಳೆಲ್ಲ ಮಸುಕು. ತಲೆ ಕೆಳಗೆ ಹಾಕಿ ಕೊಂಡೊಯ್ದರೆ ಡೀಲರು ಬಹಳ ಮೆಚ್ಚಿದರು. ಮಾರನೆಯ ವರ್ಷವೂ ಹಾಗೇ "ಬೆಳಗಿನ ಮಂಜು" ಬೇಕೆಂದರು. ಅದಕ್ಕೇ ಹೇಳುವುದು, ಗಿರಾಕಿಗೆ ಏನು ಬೇಕೆಂದು ಮೊದಲೇ ತಿಳಿದುಕೊಂಡವನು ಈ ಕಸುಬಿನಲ್ಲಿ ಇನ್ನೂ ಹುಟ್ಟಿಲ್ಲ.

ಆ ಸಾರಥಿಯಲ್ಲೇ ಹಾಲಪ್ಪನ ಪರಿಚಯವಾಯಿತು. ಉಳುವ ಒಕ್ಕಲು ಮಗ, ಸುತ್ತಿನ ಊರುಗಳಿಗೆ ಹೆಸರಾದ ಪೈಲ್ವಾನ. ಟ್ರ್ಯಾಕ್ಟರು ಕೆಸರಲ್ಲಿ ಸಿಕ್ಕಿಕೊಂಡಾಗ ಹಿಂದಿನಿಂದ ಭುಜ ಕೊಟ್ಟು ಎತ್ತಿದವನು ಅವನೇ. ಎತ್ತಿದ ಮೇಲೆ ನಾಚಿಕೊಂಡು ಪಕ್ಕಕ್ಕೆ ಸರಿದ. ಅಷ್ಟು ದೊಡ್ಡ ಆಳು ಅಷ್ಟು ನಾಚುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಕೆಲವು ತಿಂಗಳ ಮೇಲೆ ಕೆ.ಬಿ. ಬಡಾವಣೆಯ ಶೇಖರಪ್ಪನವರು ಹೇಳಿಕಳಿಸಿದರು. ಅವರದು ಶೇಂಗಾ ಎಣ್ಣೆಯ ಗಿರಣಿ. ಪ್ರತಿ ವರ್ಷ ಕಿರಾಣಿ ಅಂಗಡಿಗಳಿಗೆ ಕ್ಯಾಲೆಂಡರ್ ಹಂಚುತ್ತಿದ್ದರು. "ದೇವ್ರನ್ನ ಎಲ್ಲಾರೂ ಕೊಡ್ತಾರೆ ಮಂಜಣ್ಣ. ಈ ಸಲ ಬ್ಯಾರೆ ಬೇಕು. ನಮ್ಮ ಎಣ್ಣಿ ತಿಂದ್ರೆ ಮನುಷ್ಯ ಹೆಂಗಾಗ್ತಾನೆ ಅಂತ ಕಾಣಬೇಕು." ನನಗೆ ಹಾಲಪ್ಪ ನೆನಪಾದ. ಅವನು ಮೊದಲು ಒಲ್ಲೆನೆಂದ. ಆಮೇಲೆ ತಲೆ ಕೆರೆದುಕೊಂಡು, "ಆಗ್ಲಿ, ನಮ್ಮವ್ವಾರ ನೋಡ್ತಾಳೆ" ಎಂದ. ಕುಸ್ತಿಯ ಬಯಲಿಗಾಗಲಿ ಗರಡಿ ಮನೆಗಾಗಲಿ ಹೆಂಗಸರು ಬರುವ ರೂಢಿಯಿರಲಿಲ್ಲ. ಮಗ ಇಷ್ಟು ವರ್ಷ ಮಣ್ಣಿನಲ್ಲಿ ಹೊರಳಾಡಿದರೂ ತಾಯಿ ಕೆಂಚಮ್ಮ ಒಂದು ದಿನವೂ ಅವನ ಕುಸ್ತಿ ನೋಡಿದವಳಲ್ಲ.

ಸಾರಥಿಯ ಗರಡಿ ಮನೆಯಲ್ಲಿ ಬೆಳಿಗ್ಗೆ ಕೆಲಸ ಹಿಡಿದೆ. ಬಾಗಿಲಿಂದ ಬೀಳುವ ಬೆಳಕಿನ ಪಟ್ಟೆಯೊಂದೇ ದಿಕ್ಕು. ಮೈಗೆ ಎಣ್ಣೆ ಸವರಿಕೊಂಡ ಹಾಲಪ್ಪ ಕೆಮ್ಮಣ್ಣಿಗೆ ಇಳಿಯುವ ಮುನ್ನ ಒಂದು ಚಿಟಿಕೆ ಮಣ್ಣು ಹಣೆಗೆ ಮುಟ್ಟಿಸಿ, ಕೈ ಮುಗಿದು, ಕಣ್ಣು ಅರೆ ಮುಚ್ಚಿ ನಿಂತ. ಎಲ್ಲ ಪೈಲ್ವಾನರೂ ಮಾಡುವುದೇ. ಹಿಂದೆ ಕೆಂಪು ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆ. ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಅದನ್ನು ಹಿಡಿದೆ. ಕೆಲಸ ಮುಗಿದಾಗ ಇನ್ನೊಂದು ಕ್ಯಾಮೆರಾದ ಕಪ್ಪು-ಬಿಳುಪು ರೋಲಿನಲ್ಲಿ ಕೊನೆಯ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ರೋಲು ಮುಗಿಸದೆ ತೆಗೆಯುವಂತಿಲ್ಲ, ಹಾಳು ಮಾಡಲು ಮನಸ್ಸು ಬರದು. ಹಾಲಪ್ಪ ಜೊತೆಯವನೊಂದಿಗೆ ಪಟ್ಟು ಹಾಕಲು ಶುರು ಮಾಡಿದ್ದ. ಮಂದ ಬೆಳಕಿಗೆಂದು ನಿಧಾನಕ್ಕೆ ಇಟ್ಟಿದ್ದ ಶಟರನ್ನು ಬದಲಿಸದೆ, ಅಲುಗಿದ್ದೆಲ್ಲ ಕಲಸಿಹೋಗುತ್ತದೆಂದು ಗೊತ್ತಿದ್ದೂ ಹಾಗೇ ಒತ್ತಿ ಎದ್ದು ಬಂದೆ.

ಸ್ಲೈಡು ಶಿವಕಾಶಿಯ ಅಚ್ಚುಮನೆಗೆ ಹೋಯಿತು. ಕ್ಯಾಲೆಂಡರ್ ಕಟ್ಟು ಬಂದಾಗ ಬಿಚ್ಚಿ ನೋಡಿದೆ. ಹಾಲಪ್ಪ ಇದ್ದ, ಗರಡಿ ಮನೆ ಇರಲಿಲ್ಲ. ಅಚ್ಚಿನವರಿಗೆ ಮಣ್ಣು ಹೊಲಸಾಗಿ ಕಂಡಿರಬೇಕು. ಅದನ್ನೆಲ್ಲ ಕತ್ತರಿಸಿ ತೆಗೆದು, ಅವನ ಹಿಂದೆ ನೀಲಿ ಆಕಾಶ, ಬಿಳಿ ಮೋಡ, ತಲೆಯ ಸುತ್ತ ಹಳದಿ ಕಿರಣ ಹಾಕಿದ್ದರು. ಕೈ ಮುಗಿದು, ಅರೆಗಣ್ಣು ಮುಚ್ಚಿ, ಸೊಂಟದವರೆಗೆ ಮೋಡದಲ್ಲಿ ಮುಳುಗಿ ಹಾಲಪ್ಪ ನಿಂತಿದ್ದ. ಕೆಳಗೆ ಎಣ್ಣೆಯ ಡಬ್ಬಿ. ಶೇಖರಪ್ಪನವರು, "ಕಳೆ ಬಂತು ನೋಡು" ಎಂದರು. ಬಿಸಿಲಲ್ಲಿ ನಿಂತು ಹಿನ್ನೆಲೆ ಹುಡುಕುವವನ ಹಣೆಬರಹ ಇಷ್ಟೇ ಎಂದುಕೊಂಡು ಕಟ್ಟನ್ನು ಮೊದಲಿನಂತೆ ಸುತ್ತಿಟ್ಟೆ.

ದಾವಣಗೆರೆ, ಹರಿಹರದ ಅಂಗಡಿಗಳಲ್ಲಿ ಅಮಾವಾಸ್ಯೆ ಪೂಜೆ ತಪ್ಪುವುದಿಲ್ಲ. ಗೋಡೆಯ ಮೇಲಿನ ಪಟಗಳಿಗೆಲ್ಲ ಸಾಲಾಗಿ ಕುಂಕುಮ, ಹೂವು. ಹೊಸ ವರ್ಷದ ಮೊದಲ ಅಮಾವಾಸ್ಯೆ ಬಂತು. ಎಣ್ಣೆ ಕ್ಯಾಲೆಂಡರಿಗೆ ಯಾವಾಗಲೂ ದೇವರ ಸಾಲಿನಲ್ಲೇ ಮೊಳೆ. ಆ ಮೊಳೆಗೆ ಈ ಸಲ ಹಾಲಪ್ಪನನ್ನು ತೂಗುಹಾಕಿದ್ದರು. ಎಲ್ಲ ಪಟಗಳಿಗೂ ಹಾರ ಹಾಕುತ್ತ ಬಂದ ಕೈ ಅವನನ್ನೊಬ್ಬನನ್ನು ಬಿಟ್ಟು ಮುಂದೆ ಹೋಗುವುದೆಂತು? ಅವನಿಗೂ ಬಿತ್ತು. ಒಂದು ಅಂಗಡಿಯಲ್ಲಲ್ಲ, ಊರ ತುಂಬ.

ನಮ್ಮ ಕಡೆ ದೇವರಿಗೆ ಹಾರ ಹಾಕಿದರೆ ಪೂಜೆ. ಮನುಷ್ಯನ ಫೋಟೋಕ್ಕೆ ಹಾರ ಹಾಕಿದರೆ ಅವನು ಇಲ್ಲ ಎಂದೇ ಅರ್ಥ. ಅದೂ ಮೋಡದ ನಡುವೆ ನಿಂತವನು. ಹರಿಹರಕ್ಕೆ ಬೆಲ್ಲ ಕೊಳ್ಳಲು ಬಂದ ಹಾಲಪ್ಪನ ಸೋದರಮಾವ ಅಂಗಡಿಯಲ್ಲಿ ಇದನ್ನು ನೋಡಿದ. ಹಾರ ಹಾಕಿದ ಫೋಟೋ ತೋರಿಸಿ ಇವನು ಸತ್ತಿದ್ದಾನೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಅವನು ಬೆಲ್ಲ ಅಲ್ಲೇ ಬಿಟ್ಟು ತನ್ನೂರಿಗೆ ಓಡಿ ಹೆಂಡತಿಗೆ ಸುದ್ದಿ ಮುಟ್ಟಿಸಿದ. ಆಕೆ ಬಸ್ಸಿಳಿದಲ್ಲಿಂದಲೇ ಹಾಡಿಕೊಂಡು ಅಳುತ್ತ ಸಾರಥಿಯೊಳಗೆ ನಡೆದಳು. ಹೊಲದಿಂದ ಬರುತ್ತಿದ್ದ ಹಾಲಪ್ಪ ಗಾಬರಿಯಾಗಿ ಹಿಂದೆಯೇ ಓಡಿದ. "ಯಾಕತ್ತೆ, ಯಾರು ಹೋದ್ರು? ಹೇಳತ್ತೆ, ಯಾರು?" ಆಕೆ ತಿರುಗಿ ನೋಡಿ ದಾರಿಯಲ್ಲೇ ಕುಸಿದು ಕೂತಳು.

ಮೊದಲೆರಡು ದಿನ ಊರೆಲ್ಲ ನಕ್ಕಿತು. ಮಣ್ಣು ಕೊಡಲೆಂದು ಬಂದ ನೆಂಟರಿಗೆ ಹಾಲಪ್ಪನೇ ನೀರು ಕೊಟ್ಟು ಊಟಕ್ಕೆ ಬಡಿಸಿದ. ನಗದೆ ಇದ್ದವಳು ಕೆಂಚಮ್ಮ ಒಬ್ಬಳೇ. ಯುಗಾದಿ ಕಳೆದ ಮೇಲೆ ಹರಿಹರದ ಹೊಳೆ ದಂಡೆಯ ಬಯಲಿನಲ್ಲಿ ಜಂಗಿ ಕುಸ್ತಿ ಗೊತ್ತಾಗಿತ್ತು. ಬೆಳಗಾವಿ ಕಡೆಯ ಹೆಸರಾಂತ ಪೈಲ್ವಾನನಿಗೆ ಹಾಲಪ್ಪನನ್ನು ಜೋಡಿ ಕಟ್ಟಿದ್ದರು. ಕೆಂಚಮ್ಮ ಮಗನಿಗೆ ಅಡ್ಡ ನಿಂತಳು.

ಹಾಲಪ್ಪ ಸೈಕಲ್ ತುಳಿದುಕೊಂಡು ಸ್ಟುಡಿಯೋಕ್ಕೆ ಬಂದ. ಮೂಲೆಯ ಸ್ಟೂಲಿನ ಮೇಲೆ ಕೂತ, ಸ್ಟೂಲು ಕಿರ್ ಎಂದಿತು. "ಅವ್ವ ಅನ್ನ ಬಿಟ್ಟಾಳೆ ಮಂಜಣ್ಣ. ಸತ್ತೋನು ಅಂತ ಊರೇ ಹಾರ ಹಾಕೈತೆ, ಅಖಾಡಕ್ಕೆ ಇಳಿದ್ರೆ ಅದು ನಿಜ ಆಗ್ತೈತೆ ಅಂತಾಳೆ. ಇಳೀದಿದ್ರೆ ಹೆದರಿದ ಅಂತಾರೆ ಜನ. ಜೋಡಿ ಕಟ್ಟಿದ್ಮ್ಯಾಲೆ ಹಿಂದಕ್ಕ ಸರಿದೋನ ಜೋಡಿ ಇನ್ಯಾರೂ ಕುಸ್ತಿಗೆ ಬರಂಗಿಲ್ಲ." ಅವನಿಗೆ ಆಗಲೇ ಮೂವತ್ತು ದಾಟಿತ್ತು. ಇಂಥ ಜೋಡಿ ಇನ್ನೊಮ್ಮೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶೇಖರಪ್ಪನವರ ಹತ್ತಿರ ಹೋದೆ. ಕ್ಯಾಲೆಂಡರುಗಳನ್ನು ವಾಪಸು ತರಿಸಿ ಎಂದೆ. ಅವರು ಕಣ್ಣರಳಿಸಿದರು. "ಹಾರ ಹಾಕ್ಯಾರೆ ಅಂದ್ರೆ ಜನಕ್ಕೆ ಹಿಡಿಸೈತೆ ಅಂತ ಅಲ್ಲೇನೋ? ಇನ್ನೊಂದಿಷ್ಟು ಅಚ್ಚು ಹಾಕ್ಸಾಣ ಅಂತಿದೀನಿ" ಎಂದರು. ಇನ್ನು ಮಾತಾಡಿ ಫಲವಿಲ್ಲವೆಂದು ಎದ್ದೆ.

ಬೇರೆ ಯಾವುದಾದರೂ ಒಳ್ಳೆಯ ಚಿತ್ರ ಕೊಟ್ಟರೆ ತಾಯಿಯ ಮನಸ್ಸು ತಿಳಿಯಾದೀತೆಂದು, ಆವತ್ತು ಗರಡಿ ಮನೆಯಲ್ಲಿ ತೆಗೆದದ್ದನ್ನೆಲ್ಲ ಪ್ರಿಂಟು ಹಾಕಿಸಿಕೊಂಡು ಬಾಬಾಜಾನ್ ಜೊತೆ ಸಾರಥಿಗೆ ಹೋದೆ. ಈ ಸಲ ಮುಖ ಮುಂದೆ ಮಾಡಿಯೇ ಕೂತಿದ್ದೆ. ಹಾಲಪ್ಪನ ಹೆಂಡತಿ ರುದ್ರಮ್ಮ "ಬರ್ರಿ, ಕೂಡ್ರಿ" ಎಂದು ಕಂಬಳಿ ಹಾಸಿದಳು. ಕೆಂಚಮ್ಮ ಕಂಬಕ್ಕೆ ಒರಗಿ ಕೂತಿದ್ದಳು, ನಮ್ಮ ಕಡೆ ತಿರುಗಲಿಲ್ಲ.

ಬಾಬಾಜಾನ್ ಸುಮ್ಮನಿರಲಾರದೆ ಶುರು ಮಾಡಿದ. "ಅಮ್ಮಾ, ನಮ್ಮ ಅಂಗಡ್ಯಾಗೂ ನೇತಾಕೀನಿ. ಅಲ್ಲಿ ಹಾರ ಗೀರ ಏನಿಲ್ಲ. ನಮ್ಮಲ್ಲಿ ನಿಮ್ಮ ಮಗ ಆರಾಮದಾನೆ, ಫಿಕರ್ ಮಾಡ್ಬ್ಯಾಡ್ರಿ."

ಕೆಂಚಮ್ಮನ ಮುಖದಲ್ಲಿ ನಗು ಸುಳಿಯಿತೋ ಇಲ್ಲವೋ. ನನ್ನ ಕಡೆ ನೋಡಿ, "ಯಪ್ಪಾ, ನೀನೇನೋ ಹೊಟ್ಟಿಪಾಡಿಗೆ ತೆಗೆದಿ. ನಿನ್ನ ಬೈಯಂಗಿಲ್ಲ. ಹಡೆದೋಳು ಬದುಕಿರ್ತನ ಮಗನ ಕೊಳ್ಳಾಗ ಆ ಹಾರ ನೋಡಬಾರದು, ಅಷ್ಟೇ" ಎಂದಳು.

ಪ್ರಿಂಟುಗಳನ್ನು ಒಂದೊಂದಾಗಿ ಕೊಟ್ಟೆ. ಹಾಲಪ್ಪ ಗದೆ ಹಿಡಿದದ್ದು. "ಇದೂ ಹಂಗೇ ಐತೆ." ತೊಡೆ ತಟ್ಟಿ ನಿಂತದ್ದು. "ಇದಕ್ಕೂ ಹಾಕ್ತಾರೆ." ನಗುವ ಮುಖ ತೋರಿಸಿದೆ. "ನಗಾವ್ರಿಗೂ ಹಾಕ್ತಾರೆ, ನಮ್ಮ ಮನಿಯವ್ರ ಫೋಟೋನೂ ನಗ್ತಿತ್ತು." ಕೊನೆಗೆ ಕೈಯಲ್ಲಿ ಉಳಿದದ್ದು ರೋಲು ಮುಗಿಸಲು ಒತ್ತಿದ ಆ ಒಂದು ಚಿತ್ರ. ಕೆಟ್ಟದ್ದೆಂದು ಹೇಳಿ ಜೇಬಿಗಿಡಲು ಹೋದೆ. ಕೆಂಚಮ್ಮ ಕೈ ಚಾಚಿದಳು.

ಎದುರಾಳಿಯನ್ನು ಎತ್ತಿ ಗಿರ್ರನೆ ತಿರುಗುತ್ತಿದ್ದ ಹಾಲಪ್ಪ ಅದರಲ್ಲಿ ಮನುಷ್ಯನಾಗಿ ಉಳಿದಿರಲಿಲ್ಲ. ಬೆಳಕಿನ ಪಟ್ಟೆಯೊಳಗೆ ಸುತ್ತುವ ಒಂದು ತೋಳು, ಆ ತೋಳಿನ ಹಿಂದೆ ಇನ್ನೆರಡು ತೋಳಿನ ನೆರಳು, ಹಾರುವ ಮಣ್ಣು, ಎಲ್ಲೋ ಒಂದು ಕಡೆ ಹಲ್ಲು. ಕೆಂಚಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು.

"ಅಲ್ಲಿ ಹಿಂಗಿರ್ತಾನೇನು ಇವ್ನು?" ಎಂದು ಕೇಳಿದಳು.

"ಹೂಂ ಅಮ್ಮಾ, ಅಖಾಡದಾಗ ಹಿಂಗೇ" ಎಂದೆ.

"ಯವ್ವಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನಗುತ್ತ ಕಣ್ಣು ಒರೆಸಿಕೊಂಡಳು. "ರುದ್ರೀ, ಬಾ ಇಲ್ಲಿ, ನೋಡು ನಿನ್ನ ಗಂಡನ್ನ. ಇದಕ್ಕೆ ಯಾವನು ಹಾರ ಹಾಕ್ತಾನೋ ಹಾಕ್ಲಿ ನೋಡೋಣ. ಕುತ್ತಿಗಿ ಎಲ್ಲೈತೆ ಅಂತ ಹುಡುಕ್ಬೇಕು!"

ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಬೀದಿಗೆ ಕಾಣುವ ಹಾಗೆ ತೂಗುಹಾಕಬೇಕು, ಹಾಗಾದರೆ ಮಗ ಹರಿಹರಕ್ಕೆ ಹೋಗಲಿ ಎಂದು ಅಪ್ಪಣೆಯಾಯಿತು. ಸ್ಟುಡಿಯೋದಲ್ಲಿ ವೀರಭದ್ರಪ್ಪನವರು ದೊಡ್ಡ ಪ್ರಿಂಟು ನೋಡಿ ಹಣೆ ಚಚ್ಚಿಕೊಂಡರು. "ಇದನ್ನ ಕಟ್ಟು ಹಾಕ್ಸಿ ಕೊಡ್ತೀಯಾ? ಕೊಡು. ನಮ್ಮ ಮುದ್ರಿ ಮಾತ್ರ ಒತ್ತಬ್ಯಾಡ. ನಾಕು ಜನ ನೋಡಿದ್ರೆ ಅಂಗಡಿ ಮುಚ್ಚಬೇಕಾಗ್ತೈತೆ." ಮುದ್ರೆಯಿಲ್ಲದೆಯೇ ಕೊಟ್ಟೆ.

ಕುಸ್ತಿ ನಡೆಯಿತು. ಬಹಳ ಹೊತ್ತು ನಡೆಯಿತು. ಹಾಲಪ್ಪ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಹಿರಿಯರು ನಡುವೆ ಬಂದು ಸಮಜೋಡಿಯೆಂದು ಇಬ್ಬರ ಕೈಯನ್ನೂ ಎತ್ತಿದರು. ಆ ಕ್ಷಣಕ್ಕೆ ಜನ ಅಖಾಡಕ್ಕೆ ನುಗ್ಗಿದ್ದರಿಂದ ನನ್ನ ಚಿತ್ರದಲ್ಲಿ ಯಾರದೋ ಪೇಟ ಮಾತ್ರ ಬಂತು. ಹಾಲಪ್ಪ ಆ ಮೇಲೂ ಎರಡು ಮೂರು ವರ್ಷ ಕುಸ್ತಿಯಾಡಿ ಬಿಟ್ಟ. ಶೇಖರಪ್ಪನವರು ಮರುವರ್ಷ ಮತ್ತೆ ದೇವರಿಗೇ ಮರಳಿದರು.

ಮುಂದೆ ಕಸುಬು ಬದಲಾಯಿತು. ಕಣ್ಣಿಗೆ ಹಿಡಿಯುವ ಕ್ಯಾಮೆರಾ ಬಂತು, ಉದ್ದ ಮೂತಿಯ ಲೆನ್ಸು ಬಂತು, ಬಣ್ಣದ ರೋಲು ಅಗ್ಗವಾಯಿತು. ಎಲ್ಲರೂ ಚಲನೆಯನ್ನು ತಡೆದು ನಿಲ್ಲಿಸಲು ಹೊರಟಾಗ ನಾನು ಆಗಾಗ ಬೇಕೆಂದೇ ಶಟರ್ ನಿಧಾನಿಸುತ್ತಿದ್ದೆ. ಒಂದು ಸೈಕಲ್ ಕಂಪನಿಯವರು ಸ್ಕೂಟರಿನ ಮೇಲಿಂದ ಹಾಗೆ ತೆಗೆದ ಚಿತ್ರವನ್ನು ಜಾಹೀರಾತಿಗೆ ಹಾಕಿಕೊಂಡರು. ಮಾಲೀಕರು ಆಗ, "ಈಗ ಇದೇ ಫ್ಯಾಷನ್ ಅಂತೆ" ಎಂದು ಗೊಣಗಿದರು. ಬಹುಮಾನ, ಸನ್ಮಾನದ ವಿಷಯ ಬರೆಯುವಂಥದ್ದೇನಿಲ್ಲ. ಬಿಸಿಲಿಗೆ ಕಪ್ಪಾದೆ. ತುರಿಕೆ ಮತ್ತೆ ಬರಲಿಲ್ಲ.

ನಿವೃತ್ತನಾಗಿ ಬಹಳ ಕಾಲದ ಮೇಲೆ, ಯಾವುದೋ ಮದುವೆಗೆ ಹೋಗಿ ಬರುವಾಗ ಸಾರಥಿಯಲ್ಲಿ ಇಳಿದೆ. ಹಾಲಪ್ಪ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತ್ತು. ಕೆಂಚಮ್ಮ ಅವನಿಗಿಂತ ಎಷ್ಟೋ ಮೊದಲೇ ಹೋಗಿದ್ದಳು. ಆಕೆಯ ಮಾತಿನಂತೆ, ಆಕೆ ಬದುಕಿರುವ ತನಕ ಆ ಹಾರ ನೋಡಲಿಲ್ಲ. ರುದ್ರಮ್ಮನಿಗೆ ತಲೆ ನೆರೆತಿತ್ತು, ನನ್ನ ಗುರುತು ಹಿಡಿದು "ಬರ್ರಿ, ಕೂಡ್ರಿ" ಎಂದಳು.

ಪಡಸಾಲೆಯ ಗೋಡೆಯಲ್ಲಿ ಎರಡು ಫೋಟೋ ಅಕ್ಕಪಕ್ಕ ಇದ್ದವು. ಒಂದು ಯಾವುದೋ ಸ್ಟುಡಿಯೋದ್ದು, ಮುದಿ ಹಾಲಪ್ಪ ನೆಟ್ಟಗೆ ಕೂತಿದ್ದ. ಅದಕ್ಕೆ ಸೇವಂತಿಗೆಯ ಹಾರ. ಇನ್ನೊಂದು ನನ್ನದು. ಅದಕ್ಕೆ ಏನೂ ಇರಲಿಲ್ಲ. ಒಂದು ಕುಂಕುಮದ ಬೊಟ್ಟು ಕೂಡ ಇರಲಿಲ್ಲ.

"ಅದಕ್ಕೆ ಹಾಕಂಗಿಲ್ರಿ. ಹೋಗಾ ಮುಂದ ಅತ್ತಿ ನನ್ನ ಹತ್ರ ಮಾತು ತಗಂಡು ಹೋಗ್ಯಾಳೆ" ಎಂದಳು ರುದ್ರಮ್ಮ.

ಕನ್ನಡಕ ತೆಗೆದು ಒರೆಸಿಕೊಂಡೆ. ಹೊಗೆ ಎಂದು ಹೇಳೋಣವೆಂದರೆ ಒಲೆ ಉರಿಯುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಹೊರಗಿನ ಗಾಳಿಗೆ ಸೇವಂತಿಗೆಯ ಹಾರ ಅಲುಗಿ, ಅದರ ಒಂದು ಎಳೆ ಪಕ್ಕದ ನನ್ನ ಚಿತ್ರದ ಚೌಕಟ್ಟಿಗೆ ತಾಗಿತು. ರುದ್ರಮ್ಮ ಮಾತಾಡುತ್ತಲೇ ಕೈಯೆತ್ತಿ ಅದನ್ನು ಈಚೆಗೆ ಸರಿಸಿ, ಚಹಾ ಇಡಲು ಒಳಗೆ ಹೋದಳು.